ಬಾವಿ ನೀರು, ಹೊಳೆ ಮರಳು, ತೋಟದ ಮಣ್ಣು: ಮೀನಿನ ತೊಟ್ಟಿಯ ತಳಕ್ಕೆ ಏನು ಹಾಕಬೇಕು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮಗಳ ಹಠಕ್ಕೆ ಶಿವಮೊಗ್ಗದಿಂದ ಎರಡು ಅಡಿಯ ಗಾಜಿನ ತೊಟ್ಟಿ ತಂದಿದ್ದೇವೆ. ಅಂಗಡಿಯವರು ಜೊತೆಗೆ ಐದು ಕೆಜಿ ನೀಲಿ ಬಣ್ಣದ ಕಲ್ಲು ಕೊಟ್ಟರು. ಅದು ಯಾಕೋ ನನಗೆ ಹಿಡಿಸಲಿಲ್ಲ. ಹೊಳೆ ಮರಳು, ಅಡಿಕೆ ತೋಟದ ಮಣ್ಣು ಎರಡೂ ಮನೆ ಹತ್ತಿರವೇ ಸಿಗುತ್ತವೆ. ಅದನ್ನೇ ಹಾಕಿದರೆ ಆಗುತ್ತಾ? ಎಷ್ಟು ಹಾಕಬೇಕು, ಹೇಗೆ ತೊಳೆಯಬೇಕು? ಗಿಡ ಬೆಳೆಸುವ ಆಸೆ ಇದೆ. ಮೊದಲು ಗಪ್ಪಿ, ಆಮೇಲೆ ಪಟ್ಟೆ ಇರುವ ಲೋಚ್ ಮೀನು ಬಿಡೋಣ ಅಂತ. ನೀರು ಬಾವಿಯದು.

ಉತ್ತರ: ಹೊಳೆ ಮರಳು ಆಗುತ್ತದೆ. ತೋಟದ ಮಣ್ಣು ಮಾತ್ರ ಬೇಡವೇ ಬೇಡ. ನೀಲಿ ಕಲ್ಲಿನ ಬಗ್ಗೆ ನಿಮಗೆ ಬಂದ ಅನುಮಾನದಲ್ಲೂ ಹುರುಳಿದೆ. ಆದರೆ ಇದೆಲ್ಲಕ್ಕಿಂತ ಮುಂಚೆ ಮಾತಾಡಬೇಕಾದದ್ದು ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದ ಮಾತು: ನೀರು ಬಾವಿಯದು. ತಳಕ್ಕೆ ಏನು ಹಾಕಬೇಕು ಅನ್ನುವುದು ಆ ನೀರಿನ ಮೇಲೆ ನಿಂತಿದೆ.

ಮೀನಿನ ತೊಟ್ಟಿಯ ಬಗ್ಗೆ ಮೊಬೈಲ್‌ನಲ್ಲಿ ಸಿಗುವ ಸಲಹೆಗಳಲ್ಲಿ ಬಹಳಷ್ಟು ಗಡಸು ನೀರಿನ ಊರಿನವರು ಹೇಳಿದ್ದು. ಬೋರ್‌ವೆಲ್ ನೀರು ಕುಡಿಯುವ ಬಯಲುಸೀಮೆಯವರಿಗೆ ಅದು ಸರಿ. ಮಲೆನಾಡಿನ ಲೆಕ್ಕವೇ ಬೇರೆ. ನಿಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ. ಇಂಥ ಮಳೆ ಸಾವಿರಾರು ವರ್ಷ ಸುರಿದು ನೆಲದ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿದೆ. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ ತುಂಬಿದ ಕೆಂಪು ಜಂಬಿಟ್ಟಿಗೆ ನೆಲ. ಆ ನೆಲದಲ್ಲಿ ತೋಡಿದ ಬಾವಿಯ ನೀರು ಸಾಮಾನ್ಯವಾಗಿ ಮೃದು, ಸ್ವಲ್ಪ ಆಮ್ಲದ ಕಡೆ ವಾಲಿದ್ದು. ಅನುಮಾನ ಇದ್ದರೆ ಬಚ್ಚಲಿನ ಹಂಡೆಯೊಳಗೆ ಕೈ ಆಡಿಸಿ ನೋಡಿ. ವರ್ಷಗಟ್ಟಲೆ ನೀರು ಕಾಯಿಸಿದರೂ ಬಿಳಿ ಹೊಪ್ಪಳಿಕೆ ಕಟ್ಟಿಲ್ಲ ಅಂದರೆ ನಿಮ್ಮದು ಮೃದು ನೀರು. ಸೋಪು ಬೇಗ ನೊರೆ ಬಂದು, ಎಷ್ಟು ತೊಳೆದರೂ ಕೈ ಜಾರುತ್ತದೆ ಅನ್ನಿಸಿದರೂ ಅಷ್ಟೇ.

ಮೃದು ನೀರು ಮೀನಿಗೆ ಕೆಟ್ಟದ್ದಲ್ಲ. ನಮ್ಮ ಹೊಳೆಗಳ ಮೀನುಗಳೆಲ್ಲ ಅಂಥ ನೀರಲ್ಲೇ ಬದುಕುತ್ತವೆ. ತೊಂದರೆ ಬರುವುದು ಬೇರೆ ದಾರಿಯಿಂದ. ಮೀನಿನ ಹಿಕ್ಕೆ, ಮಿಕ್ಕ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಮರಳಿನ ಮೇಲೆ, ಫಿಲ್ಟರ್‌ನ ಸ್ಪಂಜಿನಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತದೆ. ಈ ಕೆಲಸ ನಡೆಯುವಾಗ ಆಮ್ಲ ಹುಟ್ಟುತ್ತದೆ. ನೀರಿನಲ್ಲಿ ಕಾರ್ಬೊನೇಟ್ ಇದ್ದರೆ ಅದು ಆಮ್ಲವನ್ನು ನುಂಗಿಕೊಳ್ಳುತ್ತದೆ. ಅಂಗಡಿಯವರು ಕೆಎಚ್ ಅನ್ನುವುದು ಇದನ್ನೇ. ನಿಮ್ಮ ನೀರಿನಲ್ಲಿ ಅದು ಮೊದಲೇ ಕಡಿಮೆ. ಕೆಲವೇ ವಾರಗಳಲ್ಲಿ ಖರ್ಚಾಗಿಬಿಡುತ್ತದೆ. ಆಮೇಲೆ ಪಿಎಚ್ (ನೀರು ಎಷ್ಟು ಆಮ್ಲೀಯ ಅನ್ನುವ ಅಳತೆ; ಏಳಕ್ಕಿಂತ ಕೆಳಗಿದ್ದರೆ ಆಮ್ಲೀಯ) ಇಳಿಯುತ್ತಾ ಹೋಗುತ್ತದೆ. 6ರ ಹತ್ತಿರ ಬಂದರೆ ಬ್ಯಾಕ್ಟೀರಿಯಾ ಮಂದವಾಗುತ್ತದೆ, ಇನ್ನೂ ಇಳಿದರೆ ಕೈ ಚೆಲ್ಲುತ್ತದೆ. ಆಗ ಅಮೋನಿಯಾ ಜಮಾ ಆಗುತ್ತದೆ. ಆಮ್ಲೀಯ ನೀರಿನಲ್ಲಿ ಅದು ಹೆಚ್ಚಾಗಿ ಅಮೋನಿಯಂ ರೂಪದಲ್ಲಿ ಇರುವುದರಿಂದ ಮೀನು ಹೇಗೋ ತಡೆದುಕೊಂಡಿರುತ್ತದೆ. ನೀರು ಕೊಳೆಯಾಯಿತು ಅಂತ ನೀವು ಒಂದು ದಿನ ಮುಕ್ಕಾಲು ನೀರು ಬದಲಿಸುತ್ತೀರಿ. ಪಿಎಚ್ ಒಮ್ಮೆಲೇ ಏರುತ್ತದೆ. ಉಳಿದಿದ್ದ ಅಮೋನಿಯಂ ವಿಷದ ಅಮೋನಿಯಾ ಆಗುತ್ತದೆ. ಮರುದಿನ ಬೆಳಿಗ್ಗೆ ಮೀನು ಮಗುಚಿಕೊಂಡಿರುತ್ತವೆ. "ಸ್ವಚ್ಛ ಮಾಡಿದ ಮೇಲೇ ಸತ್ತವು" ಅಂತ ಮಲೆನಾಡಿನ ಕಡೆಯಿಂದ ನನಗೆ ಬರುವ ದೂರುಗಳಲ್ಲಿ ಹೆಚ್ಚಿನವು ಹೀಗೇ ಶುರುವಾಗಿರುತ್ತವೆ. ಪಾಪ, ಬೈಗುಳ ಬೀಳುವುದು ಅಂಗಡಿಯವನಿಗೆ.

ಹಾಗಾಗಿ ಉಳಿದವರಿಗೆಲ್ಲ "ಚಿಪ್ಪು, ಸುಣ್ಣಕಲ್ಲು ತೊಟ್ಟಿಯ ಹತ್ತಿರ ಸೇರಿಸಬೇಡಿ" ಅನ್ನುವ ನಾನು ನಿಮಗೆ ಉಲ್ಟಾ ಹೇಳುತ್ತೇನೆ. ಕಪ್ಪೆಚಿಪ್ಪು ತಂದು ಚೆನ್ನಾಗಿ ಉಜ್ಜಿ ತೊಳೆದು, ಕುದಿಸಿ, ಚೂರು ಮಾಡಿ. ಅರುವತ್ತು ಲೀಟರ್ ನೀರಿಗೆ ಒಂದು ಹಿಡಿ ಸಾಕು. ತೆಳು ಬಲೆಬಟ್ಟೆಯಲ್ಲಿ ಕಟ್ಟಿ ಫಿಲ್ಟರ್‌ನ ಒಳಗೆ ಇಡಿ. ನೀರು ಆಮ್ಲೀಯ ಆದಾಗ ಚಿಪ್ಪು ಕರಗುತ್ತದೆ. ಪಿಎಚ್ ಏಳನ್ನು ದಾಟಿ ಮೇಲೆ ಹೋದಂತೆ ಕರಗುವುದು ತಾನಾಗಿ ನಿಧಾನವಾಗುತ್ತದೆ. ತಳದಲ್ಲೇ ಮರಳಿನ ಜೊತೆ ಬೆರೆಸಿಬಿಟ್ಟರೆ ಜಾಸ್ತಿ ಆದಾಗ ಹೆಕ್ಕಿ ತೆಗೆಯಲು ಆಗುವುದಿಲ್ಲ. ಚೀಲದಲ್ಲಿದ್ದರೆ ಅರ್ಧ ತೆಗೆದರಾಯಿತು. ಕೆಎಚ್ 3ರಿಂದ 4 ಡಿಗ್ರಿ ಇದ್ದರೆ ನೆಮ್ಮದಿ. ಗಪ್ಪಿಗೆ ಇನ್ನೂ ಸ್ವಲ್ಪ ಜಾಸ್ತಿ ಇದ್ದರೂ ಖುಷಿಯೇ, ಅದು ಗಡಸು ನೀರಿನ ಮೀನು. ಒಂದು ಎಚ್ಚರಿಕೆ. ಚಿಪ್ಪು ಬೇರೆ, ಎಲೆಅಡಿಕೆಯ ಸುಣ್ಣ ಬೇರೆ. ಚಿಪ್ಪು ಸುಟ್ಟೇ ಸುಣ್ಣ ಮಾಡುವುದು, ಎರಡೂ ಒಂದೇ ಅಂದುಕೊಂಡು ಡಬ್ಬಿಯಿಂದ ಒಂದು ಚಮಚ ಹಾಕಿದರೆ ಪಿಎಚ್ ದಿಢೀರ್ ಏರಿ ಎಲ್ಲ ಮೀನೂ ಹೋಗುತ್ತವೆ.

ಈಗ ತೋಟದ ಮಣ್ಣಿಗೆ ಬರೋಣ. ಮಣ್ಣು ಹಾಕಿ ಮೇಲೆ ಮರಳು ಹೊದಿಸಿ ಗಿಡ ಬೆಳೆಸುವ ಪದ್ಧತಿ ಇದೆ. ಚೆನ್ನಾಗಿ ಮಾಡಿದರೆ ಗಿಡಗಳು ಹುಚ್ಚೆದ್ದು ಬೆಳೆಯುತ್ತವೆ. ನನ್ನ ತಕರಾರು ಮಣ್ಣಿನ ಮೇಲಲ್ಲ, ಅಡಿಕೆ ತೋಟದ ಮೇಲೆ. ಕೊಳೆರೋಗ ಬರದಿರಲಿ ಅಂತ ಪ್ರತಿ ಮಳೆಗಾಲ ನೀವು ಔಷಧಿ ಹೊಡೆಸುತ್ತೀರಿ, ಅಲ್ವಾ? ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅದೇ ಬೋರ್ಡೋ. ಮೈಲುತುತ್ತದಲ್ಲಿ ಇರುವುದು ತಾಮ್ರ. ಕೀಟನಾಶಕಗಳಲ್ಲಿ ಕೆಲವಾದರೂ ಬಿಸಿಲು ಮಳೆಗೆ ಒಡೆದುಹೋಗುತ್ತವೆ. ತಾಮ್ರ ಎಲ್ಲಿಗೂ ಹೋಗುವುದಿಲ್ಲ. ಗೊನೆಯಿಂದ ತೊಟ್ಟಿಕ್ಕಿ, ಮಳೆಯಲ್ಲಿ ಇಳಿದು, ಮೇಲ್ಮಣ್ಣಿನಲ್ಲೇ ಕೂರುತ್ತದೆ. ಅಪ್ಪ, ಅಜ್ಜನ ಕಾಲದಿಂದ ಹೊಡೆದದ್ದೆಲ್ಲ ಅಲ್ಲೇ ಇದೆ. ಮಣ್ಣಿನ ಸಾವಯವ ಅಂಶ ಅದನ್ನು ಹಿಡಿದಿಟ್ಟಿರುವುದರಿಂದ ಅಡಿಕೆ ಮರಕ್ಕೆ ಗೊತ್ತೂ ಆಗುವುದಿಲ್ಲ. ಅದೇ ಮಣ್ಣು ತೊಟ್ಟಿಯಲ್ಲಿ ದಿನರಾತ್ರಿ ನೀರಿನಡಿ ಕೂತರೆ ಕತೆ ಬೇರೆ. ಬಸವನಹುಳು, ಸೀಗಡಿಗಳಿಗೆ ತಾಮ್ರ ಚೂರೇ ಚೂರು ಇದ್ದರೂ ಸಾವು. ಮೀನಿನ ಕಿವಿರಿಗೂ ಅದು ವಿಷ. ಇಲ್ಲಿ ಮತ್ತೆ ನಿಮ್ಮ ಬಾವಿ ನೀರಿನ ಮಾತು ಬರುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಕಾರ್ಬೊನೇಟ್ ಎರಡೂ ಸೇರಿ ತಾಮ್ರದ ಹಲ್ಲು ಕಿತ್ತಿರುತ್ತವೆ. ಮೃದು, ಆಮ್ಲೀಯ ನೀರಿನಲ್ಲಿ ಅದೇ ಪ್ರಮಾಣದ ತಾಮ್ರ ಹೆಚ್ಚು ಘಾಸಿ ಮಾಡುತ್ತದೆ. ಬಯಲುಸೀಮೆಯವರು ಬಚಾವಾಗುವ ಜಾಗದಲ್ಲಿ ನಿಮ್ಮ ಮೀನು ಉಳಿಯುವುದಿಲ್ಲ.

ತೋಟದ ಮಣ್ಣಿಗೆ ಕೊಟ್ಟಿಗೆ ಗೊಬ್ಬರವೂ ಬಿದ್ದಿರುತ್ತದೆ. ಅದರಿಂದ ಮೊದಲ ವಾರಗಳಲ್ಲಿ ಅಮೋನಿಯಾ ಉಕ್ಕುತ್ತದೆ. ಗದ್ದೆ ಮಣ್ಣಿನಲ್ಲಿ ಕಳೆನಾಶಕದ ಭಯ. ಮುಂದೆ ಯಾವತ್ತಾದರೂ ಮಣ್ಣಿನ ತೊಟ್ಟಿ ಮಾಡುವ ಮನಸ್ಸು ಬಂದರೆ ಯಾರೂ ಔಷಧಿ ಹೊಡೆಯದ, ಗೊಬ್ಬರ ಕಾಣದ ಎತ್ತರದ ಜಾಗದ ಮಣ್ಣು ತನ್ನಿ. ಎರಡು ವಾರ ಬಕೆಟ್‌ನಲ್ಲಿ ನೆನೆಸಿ, ನೀರು ಬಸಿದು, ಒಣಗಿಸಿ, ಮತ್ತೆ ನೆನೆಸಿ. ಎರಡು ಸೆಂ.ಮೀ. ಮಣ್ಣು, ಮೇಲೆ ಮೂರು ಸೆಂ.ಮೀ. ಮರಳು. ಆದರೆ ಮೊದಲ ತೊಟ್ಟಿಗೆ ಇದು ಬೇಡ. ಒಂದು ಗಿಡ ಕಿತ್ತು ಇನ್ನೊಂದು ಕಡೆ ನೆಡಲು ಹೋದರೆ ಸಾಕು, ಕೆಸರೆಲ್ಲ ಮೇಲೆ ಬರುತ್ತದೆ. ಮೊದಲ ವರ್ಷ ಮಗಳು ದಿನಕ್ಕೊಮ್ಮೆ ಗಿಡದ ಜಾಗ ಬದಲಿಸುವವಳೇ.

ಮಣ್ಣಿನ ಬದಲು ನಿಮ್ಮ ಕಾಲಡಿಯೇ ಇರುವ ಇನ್ನೊಂದು ವಸ್ತು ಬಳಸಿ: ಜಂಬಿಟ್ಟಿಗೆ. 1980ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂನವರು ಗಿಡಗಳಿಗಾಗಿ ತಳದ ಮರಳಿಗೆ ಲ್ಯಾಟರೈಟ್ ಬೆರೆಸುವುದನ್ನು ದೊಡ್ಡ ರೂಢಿ ಮಾಡಿದರು. ಪ್ಯಾಕೆಟ್ ಮಾಡಿ ದುಬಾರಿ ಬೆಲೆಗೆ ಮಾರಿದರು ಕೂಡ. ಲ್ಯಾಟರೈಟ್ ಅಂದರೆ ನಾವು ಗೋಡೆ ಕಟ್ಟುವ ಇದೇ ಕೆಂಪು ಕಲ್ಲು. ಅದರ ತುಂಬ ತುಕ್ಕು ಹಿಡಿದ ರೂಪದ ಕಬ್ಬಿಣ. ಮೇಲಿನ ನೀರಿನಲ್ಲಿ ಅದು ಕರಗುವುದಿಲ್ಲ. ಮರಳಿನ ತಳದಲ್ಲಿ ಆಮ್ಲಜನಕ ಕಡಿಮೆ ಇರುವ ಕಡೆ ಮಾತ್ರ ನಿಧಾನವಾಗಿ ಕರಗಿ ಬೇರಿಗೆ ಸಿಗುತ್ತದೆ. ಇದರಲ್ಲಿ ಸಾರಜನಕ ಇಲ್ಲ, ಅದನ್ನು ಮೀನಿನ ಹಿಕ್ಕೆ ಕೊಡುತ್ತದೆ. ಸಿಮೆಂಟು ತಾಗದ, ತೋಟದಲ್ಲಿ ಬಿದ್ದಿರದ ಕಲ್ಲಿನ ಗಟ್ಟಿ ಚೂರುಗಳನ್ನು ಕಡಲೆ ಗಾತ್ರಕ್ಕೆ ಒಡೆಯಿರಿ. ಪುಡಿಯನ್ನೆಲ್ಲ ಜರಡಿ ಹಿಡಿದು ಚೆಲ್ಲಿ. ಪುಡಿ ಉಳಿದರೆ ನೀರು ಕೆಂಪಗಾಗಿ ವಾರಗಟ್ಟಲೆ ತಿಳಿಯಾಗುವುದಿಲ್ಲ. ತೊಳೆದು, ಹಿಂಬದಿಯಲ್ಲಿ ಗಿಡ ನೆಡುವ ಕಡೆ ಮಾತ್ರ, ಅತಿ ತಳದ ಪದರಕ್ಕೆ ಒಂದೆರಡು ಹಿಡಿ ಮರಳಿನ ಜೊತೆ ಬೆರೆಸಿ. ಮೇಲೆ ಬರೀ ಮರಳು ಬರಲಿ.

ಇನ್ನು ಮರಳು. ಹೊಳೆ ಮರಳು ಬಹುಪಾಲು ಬೆಣಚುಕಲ್ಲಿನ ಕಾಳು. ನೀರಿಗೆ ಏನೂ ಬಿಡುವುದಿಲ್ಲ, ನೀರಿನಿಂದ ಏನೂ ತೆಗೆದುಕೊಳ್ಳುವುದಿಲ್ಲ. ಉರುಳಿ ಉರುಳಿ ಅಂಚು ಸವೆದು ನುಣುಪಾಗಿರುತ್ತದೆ. ತಳದಲ್ಲಿ ಮೂತಿ ತೂರಿಸಿ ಮೇಯುವ ಮೀನಿಗೆ ಇದಕ್ಕಿಂತ ಒಳ್ಳೆಯದು ಅಂಗಡಿಯಲ್ಲೂ ಸಿಗುವುದಿಲ್ಲ. ಆದರೆ ಹೊಳೆಗೆ ಇಳಿದು ಚೀಲ ತುಂಬಿಕೊಳ್ಳಬೇಡಿ. ಮರಳಿನ ಮೇಲೆ ಸರ್ಕಾರದ ನಿರ್ಬಂಧ ಇದೆ. ಚಿಬ್ಬಲಗುಡ್ಡೆಯ ಮತ್ಸ್ಯಧಾಮದಂಥ ಕಡೆಯಂತೂ ಒಂದು ಕಲ್ಲೂ ಎತ್ತಬಾರದು, ಆ ಮೀನುಗಳ ಮನೆ ಅದು. ಊರಲ್ಲಿ ಯಾರಾದರೂ ಮನೆ ಕಟ್ಟುತ್ತಿದ್ದರೆ ಅವರ ರಾಶಿಯಿಂದ ಅರ್ಧ ಚೀಲ ಕೇಳಿ, ಇಲ್ಲ ಅನ್ನುವುದಿಲ್ಲ. ಕೇಳುವಾಗ ಎಂ-ಸ್ಯಾಂಡ್ ಅಲ್ಲ ತಾನೇ ಅಂತ ಖಾತ್ರಿ ಮಾಡಿಕೊಳ್ಳಿ. ಈಗ ಕಟ್ಟಡಕ್ಕೆ ಹೆಚ್ಚಾಗಿ ಅದೇ ಬರುತ್ತಿದೆ. ಅದು ಕ್ವಾರಿ ಕಲ್ಲನ್ನು ಯಂತ್ರದಲ್ಲಿ ಅರೆದದ್ದು. ವಿಷವೇನಲ್ಲ. ಆದರೆ ಅಂಚುಗಳು ಚೂಪು, ಕಲ್ಲಿನ ಪುಡಿ ವಿಪರೀತ. ಗೊತ್ತು ಮಾಡಲು ಒದ್ದೆ ಅಂಗೈಯಲ್ಲಿ ಒಂದು ಚಿಟಿಕೆ ಇಟ್ಟು ಬೆರಳಿನಿಂದ ಒತ್ತಿ ತಿರುಗಿಸಿ. ಹೊಳೆ ಮರಳು ಬೆರಳಡಿ ಉರುಳುತ್ತದೆ, ಬಣ್ಣ ಕಂದು, ಬಿಳಿ, ಹಳದಿ ಮಿಶ್ರ. ಎಂ-ಸ್ಯಾಂಡ್ ಚುಚ್ಚುತ್ತದೆ, ಎಲ್ಲ ಕಾಳೂ ಒಂದೇ ಬೂದು ಬಣ್ಣ, ಕೈಗೆ ಬೂದಿಯಂಥ ಪುಡಿ ಮೆತ್ತುತ್ತದೆ. ಬೇಬಿ ಜಲ್ಲಿಯೂ ಇದೇ ಕಾರಣಕ್ಕೆ ಬೇಡ.

ಮುರುಡೇಶ್ವರಕ್ಕೋ ಮರವಂತೆಗೋ ಹೋದವರು ಸಮುದ್ರದ ಮರಳು ತರುವುದುಂಟು. ಉಪ್ಪು ತೊಳೆದರೆ ಹೋಗುತ್ತದೆ, ಅದರೊಳಗಿನ ಚಿಪ್ಪಿನ ಚೂರು ಹೋಗುವುದಿಲ್ಲ. "ಚಿಪ್ಪು ಬೇಕು ಅಂದಿರಲ್ಲ" ಅನ್ನಬಹುದು. ಬೇಕಾಗಿರುವುದು ಒಂದು ಹಿಡಿ, ಹದಿನೈದು ಕೆಜಿ ಅಲ್ಲ. ಅಮೃತಶಿಲೆಯ ಬಿಳಿ ಚೂರಿಗೂ ಇದೇ ಮಾತು. ಯಾವುದೇ ಕಲ್ಲಿನ ಮೇಲೆ ಅನುಮಾನ ಬಂದರೆ ಒಣಗಿದ ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ಹತ್ತಿರದಿಂದ ನೋಡಿ. ಸಣ್ಣ ಗುಳ್ಳೆ ಏಳುತ್ತಿದ್ದರೆ ಸುಣ್ಣದ ಅಂಶ ಇದೆ ಅಂತ. ಗುಳ್ಳೆ ಬರದಿದ್ದರೂ ಪೂರ್ತಿ ನಂಬಬೇಡಿ, ವಿನೆಗರ್ ಸೌಮ್ಯ ಆಮ್ಲ. ಕಲ್ಲನ್ನು ಒಂದು ವಾರ ಬಾವಿ ನೀರಿನಲ್ಲಿ ಇಟ್ಟು, ಇಡುವ ಮುಂಚೆ ಮತ್ತು ಆಮೇಲೆ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್‌ನಲ್ಲಿ ನೋಡಿದರೆ ಸತ್ಯ ಗೊತ್ತಾಗುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ಮೀಟರ್ ಅದು. ನಿಮ್ಮ ಕಡೆಯ ನೀರಿನಲ್ಲಿ ಸಂಖ್ಯೆ ಮೊದಲೇ ಚಿಕ್ಕದಿರುವುದರಿಂದ ಸ್ವಲ್ಪ ಏರಿದರೂ ಎದ್ದು ಕಾಣುತ್ತದೆ.

ಎಷ್ಟು ಬೇಕು ಅನ್ನುವ ಲೆಕ್ಕ ಸುಲಭ. ತೊಟ್ಟಿಯ ಉದ್ದ, ಅಗಲ, ಮರಳಿನ ಎತ್ತರ ಮೂರನ್ನೂ ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್ ಬರುತ್ತದೆ. ಒಂದು ಲೀಟರ್ ಮರಳು ಹೆಚ್ಚುಕಡಿಮೆ ಒಂದೂವರೆ ಕೆಜಿ. ನಿಮ್ಮ ಎರಡಡಿ ತೊಟ್ಟಿ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಇರಬೇಕು. ಸರಾಸರಿ 5 ಸೆಂ.ಮೀ. ಮರಳು ಅಂದರೆ ಒಂಬತ್ತು ಲೀಟರ್, ಹದಿಮೂರು ಹದಿನಾಲ್ಕು ಕೆಜಿ. ಜರಡಿಯಲ್ಲಿ ಹೋಗುವುದನ್ನು ಸೇರಿಸಿ ಇಪ್ಪತ್ತು ಕೆಜಿ ತಂದಿಟ್ಟುಕೊಳ್ಳಿ. ಅಂಗಡಿಯವರು ಕೊಟ್ಟ ಐದು ಕೆಜಿ ಕಲ್ಲು ಹರಡಿದರೆ ಎರಡು ಸೆಂ.ಮೀ. ಕೂಡ ಆಗುವುದಿಲ್ಲ. ಗಿಡದ ಬೇರು ಎಲ್ಲಿ ನಿಲ್ಲಬೇಕು ಹೇಳಿ?

ತಯಾರಿ ಕೆಲಸ ಮಳೆಗಾಲಕ್ಕೆ ಮುಂಚೆ ಮುಗಿಸಿದರೆ ಅರ್ಧ ಶ್ರಮ ಉಳಿಯುತ್ತದೆ. ಒಣ ಮರಳನ್ನು ಮೊದಲು ಗಾರೆ ಕೆಲಸದವರ ಜರಡಿಯಲ್ಲಿ ಹಾಕಿ. ಮೇಲೆ ಉಳಿಯುವ ನುರುಜುಗಲ್ಲು, ಕಡ್ಡಿ, ಎಲೆ ಪಕ್ಕಕ್ಕಿಡಿ. ಕೆಳಗೆ ಬಿದ್ದದ್ದನ್ನು ಹಳೆಯ ರವೆ ಜರಡಿಯಲ್ಲಿ ಹಿಡಿಯಿರಿ. ಈ ಸಲ ಕೆಳಗೆ ಬಿದ್ದ ನಯವಾದ ಹುಡಿ ಬೇಡ, ಮೇಲೆ ಉಳಿದದ್ದು ಬೇಕು. ಒಂದರಿಂದ ಮೂರು ಮಿ.ಮೀ. ಕಾಳು ನಿಮ್ಮ ಕೈಗೆ ಬರುತ್ತದೆ. ಇದಕ್ಕಿಂತ ನಯವಾದರೆ ಒತ್ತಿಕೊಂಡು ಗಟ್ಟಿಯಾಗಿ ಒಳಗೆ ನೀರು ಆಡುವುದಿಲ್ಲ. ದಪ್ಪವಾದರೆ ಮಿಕ್ಕ ಆಹಾರ ಸಂದಿಯಲ್ಲಿ ಇಳಿದು ಮೀನಿಗೂ ಸಿಗದೆ, ಕಸ ಎಳೆಯುವ ಪೈಪಿಗೂ ಸಿಗದೆ ಕೊಳೆಯುತ್ತದೆ.

ತೊಳೆಯುವಾಗ ಎಲ್ಲವನ್ನೂ ಒಟ್ಟಿಗೆ ಸುರಿಯಬೇಡಿ. ಬಕೆಟ್‌ಗೆ ಎರಡು ಮೂರು ಕೆಜಿ ಹಾಕಿ, ನೀರು ರಭಸದಿಂದ ಬಿಟ್ಟು, ಅಕ್ಕಿ ತೊಳೆದ ಹಾಗೆ ಕೈ ಆಡಿಸಿ ಬಸಿಯಿರಿ. ಮೊದಲ ನಾಲ್ಕೈದು ಸಲ ನೀರು ಚಹಾ ಬಣ್ಣಕ್ಕೆ ಬರುತ್ತದೆ. ಬೇಸರ ಮಾಡಿಕೊಳ್ಳಬೇಡಿ. ಸಾಕಾ ಅಂತ ನೋಡಲು ಒಂದು ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಮರಳು, ಮೇಲೆ ನೀರು ಹಾಕಿ ಕುಲುಕಿ ಇಡಿ. ಎರಡು ನಿಮಿಷದಲ್ಲಿ ನೀರು ತಿಳಿಯಾಗಿ, ಬಾಟಲಿಯ ಆಚೆಯ ಅಕ್ಷರ ಓದುವಂತಿದ್ದರೆ ಮುಗಿಯಿತು. ಮರಳಿನ ಮೇಲೆ ಕೆನೆಯಂತೆ ಕೆಸರಿನ ಪದರ ಕೂತರೆ ಇನ್ನೊಂದು ಸಲ. ಸೋಪು, ಪಾತ್ರೆ ತೊಳೆಯುವ ಪುಡಿ, ಡೆಟ್ಟಾಲ್ ಯಾವುದೂ ಹತ್ತಿರ ಸುಳಿಯಬಾರದು.

ಹೊಳೆ ಮರಳಿನ ಜೊತೆ ಕೊಡತಿ ಹುಳುವಿನ ಮರಿ, ಜಿಗಣೆ, ಬಸವನಹುಳುವಿನ ಮೊಟ್ಟೆ ಬರಬಹುದು. ಬೇಸಿಗೆಯಾದರೆ ಅಂಗಳದಲ್ಲಿ ಚಾಪೆಯ ಮೇಲೆ ತೆಳ್ಳಗೆ ಹರಡಿ, ಕಡು ಬಿಸಿಲಿನಲ್ಲಿ ಎರಡು ಮೂರು ದಿನ ಒಣಗಿಸಿದರೆ ಸಾಕು. ಜೂನ್ ಆದಮೇಲೆ ಬಿಸಿಲಿನ ಮಾತೇ ಇಲ್ಲ. ಆಗ ಬಚ್ಚಲ ಒಲೆ ಕೈಹಿಡಿಯುತ್ತದೆ. ನೀರು ಕಾದ ಮೇಲೆ ಹಂಡೆ ಇಳಿಸಿದ ಜಾಗದಲ್ಲೋ, ಒಲೆಯ ಬಾಯಿಯ ಹತ್ತಿರವೋ ಹಳೆಯ ಕಬ್ಬಿಣದ ಬಾಣಲೆ ಇಟ್ಟು, ಸ್ವಲ್ಪ ಸ್ವಲ್ಪವೇ ಮರಳು ಹಾಕಿ ಸಟ್ಟುಗದಲ್ಲಿ ಮಗುಚುತ್ತಾ ಹುರಿಯಿರಿ. ಮೊದಲು ಆವಿ ಬರುತ್ತದೆ, ಆಮೇಲೆ ಹೊಳೆ ಬದಿಯ ಪಾಚಿ ವಾಸನೆ. ಆ ವಾಸನೆ ನಿಂತು ಮರಳು ಗರಿಗರಿಯಾಗಿ ಸಟ್ಟುಗದಿಂದ ಜಾರತೊಡಗಿದರೆ ಆಯಿತು. ಆರಿದ ಮೇಲೆ ಕೊನೆಯ ಸಲ ತೊಳೆಯಿರಿ. ಅಲಂಕಾರದ ದೊಡ್ಡ ಕಲ್ಲುಗಳನ್ನು ಮಾತ್ರ ಬೆಂಕಿಗೆ ಹಾಕಬೇಡಿ, ಕುದಿಸಲೂ ಬೇಡಿ. ಒಳಗೆ ನೀರು ಸೇರಿಕೊಂಡಿದ್ದರೆ ಸಿಡಿಯುತ್ತವೆ. ಕುದಿಯುವ ನೀರನ್ನು ಮೇಲೆ ಸುರಿದು ಬ್ರಷ್‌ನಿಂದ ಉಜ್ಜಿದರೆ ಸಾಕು.

ತೊಟ್ಟಿ ಇಡುವ ಮೇಜಿನ ಮೇಲೆ ಥರ್ಮೋಕೋಲ್ ಹಾಳೆ ಇರಲಿ. ನೀರು, ಮರಳು, ಗಾಜು ಸೇರಿ ತೂಕ ಎಂಬತ್ತು ಕೆಜಿ ದಾಟಬಹುದು. ಮರದ ಹಲಗೆಯ ಹಳೆ ಮಹಡಿ ಮೇಲೆ ನಡುಕೋಣೆಯಲ್ಲಿ ಇಡಬೇಡಿ. ದೊಡ್ಡ ಕಲ್ಲುಗಳಿದ್ದರೆ ಮರಳು ಹಾಕುವ ಮುಂಚೆಯೇ ಗಾಜಿನ ತಳದ ಮೇಲೆ ಭದ್ರವಾಗಿ ಕೂರಿಸಿ. ಮರಳಿನ ಮೇಲೆ ಇಟ್ಟ ಕಲ್ಲಿನಡಿ ಲೋಚ್‌ಗಳು ಅಗೆಯುತ್ತವೆ, ಕಲ್ಲು ಮಗುಚಿ ಗಾಜು ಒಡೆದರೆ ಹಾಲ್ ಪೂರ್ತಿ ನೀರು. ಮುಂದೆ ಮೂರು ಸೆಂ.ಮೀ., ಹಿಂದೆ ಏಳು ಸೆಂ.ಮೀ. ಇರುವಂತೆ ಇಳಿಜಾರು ಮಾಡಿ. ಮರಳಿನ ಮೇಲೆ ಒಂದು ತಟ್ಟೆ ಇಟ್ಟು ಅದರ ಮೇಲೆ ನಿಧಾನವಾಗಿ ನೀರು ಹೊಯ್ಯಿರಿ. ಕಾಲು ಭಾಗ ನೀರು ಇರುವಾಗಲೇ ಗಿಡ ನೆಟ್ಟರೆ ತೇಲಿ ಏಳುವುದಿಲ್ಲ. ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರಿನ್ ನಿಮಗೆ ಒಳ್ಳೆಯವು. ಕ್ರಿಪ್ಟೊಕೊರಿನ್‌ನ ಒಂದು ಜಾತಿ ಪಶ್ಚಿಮ ಘಟ್ಟದ ಹೊಳೆಗಳಲ್ಲೇ ಬೆಳೆಯುತ್ತದೆ. ಹೊಸ ಜಾಗಕ್ಕೆ ಬಂದ ಕೂಡಲೇ ಅದರ ಎಲೆಯೆಲ್ಲ ಕರಗಿಹೋಗುತ್ತದೆ, ಸತ್ತಿತು ಅಂತ ಕಿತ್ತು ಬಿಸಾಡಬೇಡಿ, ಬೇರಿನಿಂದ ಮತ್ತೆ ಬರುತ್ತದೆ. ಜಾವಾ ಫರ್ನ್, ಅನೂಬಿಯಾಸ್ ತಂದರೆ ಅವುಗಳ ದಪ್ಪ ಗೆಡ್ಡೆಯನ್ನು ಮರಳಿನಲ್ಲಿ ಹೂಳಬೇಡಿ, ಕಲ್ಲಿಗೆ ದಾರದಿಂದ ಕಟ್ಟಿ.

ಪಂಚಾಯ್ತಿಯವರು ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಕೆಲವು ದಿನ ಆ ನೀರು ಮುಟ್ಟಬೇಡಿ. ಕ್ಲೋರಿನ್ ಮೀನನ್ನೂ ಸುಡುತ್ತದೆ, ಮರಳಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ನೀರು ತುಂಬಿ ಫಿಲ್ಟರ್ ಹಾಕಿದ ಮೇಲೆ ನಾಲ್ಕರಿಂದ ಆರು ವಾರ ಬೇಕು, ಆ ಬ್ಯಾಕ್ಟೀರಿಯಾ ನೆಲೆ ಊರಲು. ಮೃದು ನೀರಿನಲ್ಲಿ ಇನ್ನೂ ತಡವಾಗಬಹುದು. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಇರಿ, ಅದು ಕೊಳೆತು ಅಮೋನಿಯಾ ಕೊಡುತ್ತದೆ. ಪರೀಕ್ಷೆ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದು ನೈಟ್ರೇಟ್ ಕಂಡರೆ ಗಪ್ಪಿ ಬಿಡಬಹುದು. ಊರಲ್ಲಿ ಯಾರದಾದರೂ ಚೆನ್ನಾಗಿ ನಡೆಯುತ್ತಿರುವ ತೊಟ್ಟಿ ಇದ್ದರೆ ಅವರ ಫಿಲ್ಟರ್‌ನ ಸ್ಪಂಜು ಹಿಂಡಿದ ಕೊಳೆ ನೀರು ಒಂದು ಲೋಟ ಕೇಳಿ ತನ್ನಿ. ನೋಡಲು ಅಸಹ್ಯ, ಕೆಲಸಕ್ಕೆ ಬಂಗಾರ.

ನೀಲಿ ಕಲ್ಲನ್ನು ಒಂದು ಬಿಳಿ ಪಿಂಗಾಣಿ ಬಟ್ಟಲಲ್ಲಿ ಬೆಚ್ಚಗಿನ ನೀರು ಹಾಕಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ. ಬಣ್ಣ ಬಿಟ್ಟರೆ ತೊಟ್ಟಿಗೆ ಬೇಡ. ಬಿಡದಿದ್ದರೆ ವಿಷ ಅನ್ನಲಾರೆ. ಆದರೂ ಅದರ ಮೇಲಿನ ಲೇಪ ವರ್ಷ ಕಳೆದಂತೆ ಸಿಪ್ಪೆ ಏಳುತ್ತದೆ. ಹೊಳೆಯ ತಳ ನೀಲಿ ಇರುವುದಿಲ್ಲ, ಕಣ್ಣು ಕುಕ್ಕುವ ಬಣ್ಣದ ಮೇಲೆ ಮೀನು ಬಣ್ಣಗೆಟ್ಟು ಮಂಕಾಗಿ ಕಾಣುತ್ತವೆ. ಇದು ನನ್ನ ರುಚಿ ಅಂತಲೇ ಇಟ್ಟುಕೊಳ್ಳಿ. ಮಗಳಿಗೆ ನೀಲಿಯೇ ಇಷ್ಟ ಅಂದರೆ ತೊಟ್ಟಿಯ ಹಿಂದೆ ನೀಲಿ ಕಾಗದ ಅಂಟಿಸಿ.

ಅಕ್ವಾಸಾಯಿಲ್ ಅಂತ ಚೀಲ ಸಿಗುತ್ತದೆ, ಸುಟ್ಟ ಮಣ್ಣಿನ ಉಂಡೆ. ಗಿಡಕ್ಕೆ ಒಳ್ಳೆಯದೇ. ಆದರೆ ಅದರ ದೊಡ್ಡ ಗುಣ ಗಡಸು ನೀರನ್ನು ಮೃದು ಮಾಡಿ ಪಿಎಚ್ ಇಳಿಸುವುದು. ನಿಮ್ಮ ನೀರು ಮೊದಲೇ ಮೃದು, ಬಿಡುವುದು ಗಪ್ಪಿ. ದುಡ್ಡು ಕೊಟ್ಟು ತಂದು ಚಿಪ್ಪಿನ ಜೊತೆ ಜಗಳಕ್ಕೆ ಬಿಟ್ಟ ಹಾಗಾಗುತ್ತದೆ. ಅಂಡರ್‌ಗ್ರಾವೆಲ್ ಫಿಲ್ಟರ್ ಅಂತ ತಳದಡಿ ಹಾಕುವ ಪ್ಲಾಸ್ಟಿಕ್ ತಟ್ಟೆ ಕೊಟ್ಟಿದ್ದರೆ ಅದನ್ನೂ ಹಾಕಬೇಡಿ. ಮರಳು ಅದರ ತೂತುಗಳಲ್ಲಿ ಇಳಿದು ಕಟ್ಟಿಕೊಳ್ಳುತ್ತದೆ. ಸ್ಪಂಜ್ ಫಿಲ್ಟರ್ ಸಾಕು.

ನಡೆಯಲು ಶುರುವಾದ ಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಪೈಪನ್ನು ಮರಳಿನೊಳಗೆ ಚುಚ್ಚದೆ, ಒಂದು ಇಂಚು ಮೇಲೆ ಆಡಿಸಿದರೆ ಕಸ ಮಾತ್ರ ಬರುತ್ತದೆ. ಗಾಜಿನ ಅಂಚಿನಲ್ಲಿ ಮರಳು ಅಲ್ಲಲ್ಲಿ ಕಪ್ಪಾಗಿ ಕಂಡರೆ ಗಾಬರಿ ಬೇಡ, ಗಾಳಿ ಆಡದ ಕಡೆ ಹಾಗಾಗುತ್ತದೆ. ಕಪ್ಪು ಹರಡುತ್ತಿದ್ದರೆ, ಕೆದಕಿದಾಗ ಗುಳ್ಳೆ ಬಂದು ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಅದು ಹೈಡ್ರೋಜನ್ ಸಲ್ಫೈಡ್. ಗಿಡದ ಬೇರು ಇಲ್ಲದ ಜಾಗದಲ್ಲಿ ವಾರಕ್ಕೊಮ್ಮೆ ಒಂದು ಹಿಡಿಕಡ್ಡಿಯಿಂದ ಅಲ್ಲಲ್ಲಿ ಚುಚ್ಚುತ್ತಿದ್ದರೆ ಆ ಹಂತಕ್ಕೆ ಹೋಗುವುದಿಲ್ಲ. ತಳವನ್ನೇ ಬದಲಿಸಬೇಕು ಅನ್ನಿಸಿದರೆ ಒಂದೇ ದಿನ ಎಲ್ಲ ತೆಗೆಯಬೇಡಿ. ಮೂರನೇ ಒಂದು ಭಾಗ ತೆಗೆದು ಎರಡು ವಾರ ಬಿಟ್ಟು ಇನ್ನೊಂದು ಭಾಗ. ಬ್ಯಾಕ್ಟೀರಿಯಾದ ಅರ್ಧ ಸಂಸಾರ ಆ ಮರಳಿನ ಮೇಲೇ ಇರುತ್ತದೆ.

ಇನ್ನು ಪಟ್ಟೆ ಲೋಚ್. ನೀವು ಹೇಳುತ್ತಿರುವುದು ಬೋಟಿಯಾ ಸ್ಟ್ರಿಯಾಟಾ ಇರಬೇಕು, ಅಂಗಡಿಯಲ್ಲಿ ಜೀಬ್ರಾ ಲೋಚ್ ಅನ್ನುತ್ತಾರೆ. ಈ ಮೀನನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದ್ದು ಪ್ರಾಣಿವಿಜ್ಞಾನಿ ನಾರಾಯಣ ರಾವ್, 1920ರಲ್ಲಿ, ಶಿವಮೊಗ್ಗದ ತುಂಗಾ ನದಿಯಲ್ಲಿ ಸಿಕ್ಕ ಮೀನು ನೋಡಿ. ಅಂದರೆ ನಿಮ್ಮ ಊರಿನದೇ ಮೀನು. ಈಗ ಜೀವಿಗಳ ಅಳಿವು ಉಳಿವಿನ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅದು ಅಳಿವಿನಂಚಿನ ಜಾತಿ. ಹೊಳೆಯಲ್ಲಿ ಬಲೆ ಹಾಕಿ ಹಿಡಿಯಲು ಹೋಗಬೇಡಿ. ಅಂಗಡಿಯಲ್ಲೂ ಸಾಕಣೆಯದಾ, ಹೊಳೆಯಿಂದ ಹಿಡಿದದ್ದಾ ಅಂತ ಕೇಳಿ, ಉತ್ತರ ತಡವರಿಸಿದರೆ ಬಿಟ್ಟುಬಿಡಿ. ಅದರ ಬಾಯಿಯ ಸುತ್ತ ಎಳೆ ಮೀಸೆಗಳಿವೆ. ದಿನವಿಡೀ ಮರಳಿನಲ್ಲಿ ಮೂತಿ ಆಡಿಸುತ್ತಾ ಆ ಮೀಸೆಯಿಂದಲೇ ಆಹಾರ ಹುಡುಕುತ್ತದೆ. ಚೂಪು ಕಲ್ಲಿನ ತಳದಲ್ಲಿ ಮೀಸೆ ಸವೆದು ಹುಣ್ಣಾಗುತ್ತದೆ. ನೀವು ಹುರಿದು ತೊಳೆದ ಹೊಳೆ ಮರಳು ಅದಕ್ಕೆ ಹೇಳಿ ಮಾಡಿಸಿದ್ದು. ತೊಡಕು ಇರುವುದು ಜಾಗದ್ದು. ಇದು ಒಂಟಿಯಾಗಿ ಇರುವ ಮೀನಲ್ಲ, ಐದಾರು ಜೊತೆಗಿರಬೇಕು. ಒಂದೊಂದೂ ಮೂರು ಇಂಚಿನವರೆಗೆ ಬೆಳೆಯುತ್ತದೆ. ಎರಡಡಿ ತೊಟ್ಟಿ ಸಾಲದು, ಮೂರಡಿ ಬೇಕು. ಈ ವರ್ಷ ಗಪ್ಪಿ ಸಾಕಿ. ಮೂರಡಿ ತೊಟ್ಟಿ ತಂದ ದಿನ ಈ ಮರಳಿನಲ್ಲೇ ಅರ್ಧವನ್ನು ತೊಳೆಯದೆ, ಒದ್ದೆಯಾಗಿರುವಾಗಲೇ ಅದಕ್ಕೆ ಹಾಕಿ. ಆರು ವಾರ ಕಾಯುವುದರಲ್ಲಿ ಬಹಳಷ್ಟು ಉಳಿಯುತ್ತದೆ.